ಲಿಫ್ಟ್ ಮಾಡಿದ ಜಿಮ್ನಿಗೆ ಯಾವ ಶಾಕ್? ಮೊದಲು ಅಳತೆ, ಆಮೇಲೆ ಬ್ರ್ಯಾಂಡ್

ಪ್ರಶ್ನೆ: ಸಕಲೇಶಪುರ ತಾಲ್ಲೂಕು ಹೆತ್ತೂರು ಕಡೆಯ ಕಾಫಿ ಬೆಳೆಗಾರರೊಬ್ಬರು ಕೇಳಿದ್ದಾರೆ: “ನನ್ನದು ಐದು ಬಾಗಿಲಿನ ಮಾರುತಿ ಜಿಮ್ನಿ, ಮ್ಯಾನ್ಯುಯಲ್. ತೋಟದ ದಾರಿಯಲ್ಲಿ ಕಲ್ಲಿಗೆ ಅಡಿ ತಾಗುತ್ತಿತ್ತು ಅಂತ 50 ಮಿ.ಮೀ. ಎತ್ತರಿಸುವ ‘ಮೀಡಿಯಂ ಲೋಡ್’ ಸ್ಪ್ರಿಂಗ್ ಹಾಕಿಸಿದೆ. ಟೈರ್ 215/75 ಆರ್15 ಆಲ್ ಟೆರೇನ್. ಶಾಕ್ ಅಬ್ಸಾರ್ಬರ್ ಮಾತ್ರ ಕಂಪನಿಯದ್ದೇ ಇದೆ. ಈಗ ಹಂಪ್ ಹತ್ತಿ ಇಳಿಯುವಾಗ ಹಿಂದಿನಿಂದ ‘ಡಬ್’ ಅಂತ ಸದ್ದು ಬರುತ್ತದೆ. ಹೆದ್ದಾರಿಯಲ್ಲಿ 80 ದಾಟಿದರೆ ಕೆಲವೊಮ್ಮೆ ಸ್ಟೇರಿಂಗ್ ಅದುರುತ್ತದೆ. ಇದ್ದುದರಲ್ಲೇ ಗಟ್ಟಿಯಾದ ಗ್ಯಾಸ್ ಶಾಕ್ ಹಾಕಿದರೆ ಎರಡೂ ಹೋಗುತ್ತದೆ ಎನ್ನುತ್ತಾರೆ ಗ್ಯಾರೇಜಿನವರು. ಒಬ್ಬರು ಫೋಮ್ ಸೆಲ್ ಹೇಳುತ್ತಾರೆ, ಇನ್ನೊಬ್ಬರು ಮೊನೊಟ್ಯೂಬ್, ಮತ್ತೊಬ್ಬರು ಹೊರಗೆ ಡಬ್ಬಿ ಇರುವ ರಿಸರ್ವಾಯರ್ ಶಾಕ್. ವಾರವೆಲ್ಲ ತೋಟದಲ್ಲೇ ಓಡಾಟ, ಕೊಯ್ಲಿನ ಹೊತ್ತಿನಲ್ಲಿ ಹಿಂದೆ ನಾಲ್ಕು ಮೂಟೆ, ತಿಂಗಳಿಗೆ ಎರಡು ಸಲ ಬೆಂಗಳೂರು. ಯಾವುದು ಕೊಳ್ಳಲಿ?”

ಉತ್ತರ: ನಿಮ್ಮ ಗಾಡಿಗೆ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಗ್ಯಾರೇಜಿನವರು ಎರಡಕ್ಕೂ ಒಂದೇ ಮದ್ದು ಹೇಳಿದ್ದಾರೆ. ಹಂಪ್ ಇಳಿಯುವಾಗಿನ ಸದ್ದು ಶಾಕ್‌ನದ್ದೇ ಇರಬೇಕು, ಆದರೆ ಅದು ಮೆದುವಾಗಿರುವುದಕ್ಕೆ ಬರುತ್ತಿಲ್ಲ, ಉದ್ದ ಸಾಲದ್ದಕ್ಕೆ ಬರುತ್ತಿದೆ. ಸ್ಟೇರಿಂಗ್ ಅದುರುವುದಕ್ಕೆ ಮೂಲ ಬೇರೆಡೆ ಇದೆ, ಅದನ್ನು ಕೊನೆಗೆ ನೋಡೋಣ. ಗಟ್ಟಿ ಶಾಕ್ ತಂದು ಹಾಕಿ ಅದರ ಉದ್ದವೂ ಹಳೆಯದರಷ್ಟೇ ಇದ್ದರೆ, ಅಷ್ಟು ದುಡ್ಡು ಸುರಿದ ಮೇಲೂ ‘ಡಬ್’ ಹಾಗೆಯೇ ಉಳಿಯುತ್ತದೆ.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಭಾರ ಹೊರುವುದಿಲ್ಲ; ಸ್ಪ್ರಿಂಗ್ ಕುಪ್ಪಳಿಸುವ ಶಕ್ತಿಯನ್ನು ಎಣ್ಣೆಯ ಮೂಲಕ ಶಾಖವಾಗಿ ಕಳೆಯುವುದಷ್ಟೇ ಅದರ ಕೆಲಸ. ‘ಗ್ಯಾಸ್ ಶಾಕ್ ಗಾಡಿ ಎತ್ತುತ್ತದೆ’ ಎನ್ನುವ ಮಾತಿನಲ್ಲಿ ನಿಜ ಎಷ್ಟು ಅಂತ ಲೆಕ್ಕ ಹಾಕಿ ನೋಡಬಹುದು. 16 ಮಿ.ಮೀ. ದಪ್ಪದ ರಾಡ್‌ನ ವಿಸ್ತೀರ್ಣ ಸುಮಾರು 2 ಚದರ ಸೆಂ.ಮೀ. ಒಳಗೆ 14 ಬಾರ್ ಒತ್ತಡವಿದ್ದರೆ ರಾಡನ್ನು ಹೊರಗೆ ತಳ್ಳುವ ಬಲ 28 ಕೆ.ಜಿ. ಆಸುಪಾಸು. ಗಾಡಿ ಕೆಲವೇ ಮಿ.ಮೀ. ಮೇಲೇಳುತ್ತದೆ, ಅಷ್ಟೇ. ಗ್ಯಾಸ್ ಇರುವುದು ಎತ್ತುವುದಕ್ಕಲ್ಲ, ಎಣ್ಣೆ ನೊರೆ ಕಟ್ಟದಂತೆ ಒತ್ತಿ ಹಿಡಿಯುವುದಕ್ಕೆ. ಗ್ಯಾಸ್ ಶಾಕ್ ಅಂದರೂ ಕೆಲಸ ಮಾಡುವುದು ಒಳಗಿನ ಎಣ್ಣೆಯೇ.

ಈಗ ‘ಡಬ್’ ಸದ್ದಿಗೆ ಬರೋಣ. ಗಾಡಿ 50 ಮಿ.ಮೀ. ಮೇಲೇರಿದಾಗ ಶಾಕ್‌ನ ರಾಡ್ ಕೂಡ ಹೆಚ್ಚುಕಮ್ಮಿ ಅಷ್ಟೇ ಹೊರಗೆ ಬಂದು ನಿಲ್ಲುತ್ತದೆ. ಚಕ್ರ ಗುಂಡಿಗೆ ಇಳಿಯಲು ಮೊದಲು ಇದ್ದ ಆಟದಲ್ಲಿ 50 ಮಿ.ಮೀ. ನಿಂತಲ್ಲೇ ಖರ್ಚಾದಂತಾಯಿತು. ಹಂಪ್ ದಾಟಿದ ಕೂಡಲೆ ಸ್ಪ್ರಿಂಗು ಹೌಸಿಂಗನ್ನು (ಎಡಬಲ ಚಕ್ರಗಳನ್ನು ಜೋಡಿಸುವ ಆಕ್ಸಲ್ ಕವಚ) ಕೆಳಗೆ ತಳ್ಳುತ್ತದೆ, ಶಾಕ್ ಪೂರ್ತಿ ಬಿಚ್ಚಿಕೊಂಡು ತುದಿಗೆ ಬಡಿಯುತ್ತದೆ. ಆಗ ಹೌಸಿಂಗ್, ಎರಡು ಚಕ್ರ, ಬ್ರೇಕ್ ಎಲ್ಲದರ ತೂಕವೂ ರಾಡ್‌ನ ತುದಿಯ ನಟ್ಟು ಮತ್ತು ಪಿಸ್ಟನ್ ಮೇಲೆ ಜೋತುಬೀಳುತ್ತದೆ. ಹೀಗೇ ಓಡಿಸಿದರೆ ಮೊದಲು ಬುಷ್ ಹರಿಯುತ್ತದೆ, ಆಮೇಲೆ ಸೀಲ್ ಸೋರುತ್ತದೆ, ಕೊನೆಗೆ ಶಾಕ್ ಕಟ್ಟಿದ ಬ್ರ್ಯಾಕೆಟ್ಟೇ ಬಿರುಕು ಬಿಡಬಹುದು.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಚಕ್ರ ಹಂಪ್‌ನಿಂದ ಕೆಳಗಿಳಿಯುವ ಕ್ಷಣದಲ್ಲಿ ಸದ್ದು ಬಂದರೆ ಶಾಕ್ ಬಿಚ್ಚಿಕೊಂಡು ಬಡಿಯುತ್ತಿದೆ. ಇಳಿದ ಮೇಲೆ ಬಾಡಿ ಕೆಳಗೆ ಕುಸಿಯುವ ಕ್ಷಣದಲ್ಲಿ ಬಂದರೆ, ಹೌಸಿಂಗ್ ಮೇಲೆ ಬಡಿಯದಂತೆ ತಡೆಯುವ ರಬ್ಬರಿಗೆ, ಅಂದರೆ ಬಂಪ್ ಸ್ಟಾಪರ್‌ಗೆ ಹೊಡೆಯುತ್ತಿದೆ. ಅನುಮಾನವಿದ್ದರೆ ಬಂಪ್ ಸ್ಟಾಪರ್ ರಬ್ಬರಿನ ತುದಿಗೆ ಮೆತ್ತನೆಯ ಜೇಡಿಮಣ್ಣು ಮೆತ್ತಿ ಅದೇ ಹಂಪ್ ಮೇಲೆ ಓಡಿಸಿ. ಮಣ್ಣು ಚಪ್ಪಟೆಯಾಗದೆ ಸದ್ದು ಬಂದಿದ್ದರೆ ದೋಷ ಉದ್ದದ್ದು. ಬಾನೆಟ್ ಮೇಲೆ ಕೈ ಊರಿ ಅದುಮಿ ಬಿಟ್ಟು ‘ಶಾಕ್ ಚೆನ್ನಾಗಿದೆ’ ಅಥವಾ ‘ಹೋಗಿದೆ’ ಎನ್ನುವ ಪರೀಕ್ಷೆ ಇಲ್ಲಿ ಏನೂ ಹೇಳುವುದಿಲ್ಲ. ಕೈಯಿಂದ ಅದುಮುವ ವೇಗಕ್ಕೂ ಕಲ್ಲಿನ ಮೇಲೆ ಪಿಸ್ಟನ್ ಓಡುವ ವೇಗಕ್ಕೂ ಹೋಲಿಕೆಯೇ ಇಲ್ಲ.

ಅಳತೆ ತೆಗೆಯುವ ಬಗೆ

ಶಾಕ್ ಕೊಳ್ಳುವಾಗ ಮೂರು ಉದ್ದಗಳು ಕೈಯಲ್ಲಿರಬೇಕು: ಪೂರ್ತಿ ಬಿಚ್ಚಿದಾಗಿನದ್ದು, ಪೂರ್ತಿ ಮಡಚಿದಾಗಿನದ್ದು, ಗಾಡಿ ಸಮತಟ್ಟಾದ ನೆಲದಲ್ಲಿ ನಿಂತಾಗಿನದ್ದು. ‘2 ಇಂಚು ಲಿಫ್ಟ್‌ಗೆ’ ಎಂಬ ಚೀಟಿಯನ್ನು ನಂಬಿ ತಂದದ್ದು ನಿಮ್ಮ ಸ್ಪ್ರಿಂಗ್, ನಿಮ್ಮ ಬಂಪ್ ಸ್ಟಾಪರ್‌ಗೆ ಸರಿಹೊಂದಲೇಬೇಕೆಂದಿಲ್ಲ.

ಮೊದಲು ಗಾಡಿ ನಿಂತಿರುವಾಗ, ಶಾಕ್‌ನ ಮೇಲಿನ ಮತ್ತು ಕೆಳಗಿನ ಕಟ್ಟುವ ಜಾಗಗಳ ನಡುವಿನ ಅಂತರವನ್ನು ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ಕಣ್ಣು (ಬೋಲ್ಟ್ ತೂರುವ ಬಳೆ) ಇರುವ ತುದಿಯಲ್ಲಿ ಬೋಲ್ಟ್‌ನ ನಡುವಿನಿಂದ, ಪಿನ್ (ನಟ್ಟು ಹಾಕುವ ಸರಳು) ಇರುವ ತುದಿಯಲ್ಲಿ ಬುಷ್ ಕೂರುವ ತಟ್ಟೆಯಿಂದ ಅಳೆಯಬೇಕು. ಕ್ಯಾಟಲಾಗ್ ಎಲ್ಲಿಂದ ಅಳೆದಿದೆ ಎಂಬುದನ್ನೂ ನೋಡಿಕೊಳ್ಳಿ, ಇಲ್ಲಿ 20–30 ಮಿ.ಮೀ. ತಪ್ಪುವುದು ಬಹಳ ಸಾಮಾನ್ಯ.

ಆಮೇಲೆ ಗಾಡಿಯನ್ನು ಎತ್ತಿ ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಬರಿ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ತೂರುವುದು ಬೇಡವೇ ಬೇಡ. ಹೌಸಿಂಗ್ ಕೆಳಗೆ ಇನ್ನೊಂದು ಜಾಕ್ ಇಟ್ಟು, ಎರಡೂ ಶಾಕ್ ಬಿಚ್ಚಿ, ಹೌಸಿಂಗನ್ನು ನಿಧಾನವಾಗಿ ಇಳಿಸುತ್ತ ಬನ್ನಿ. ಇಳಿಸುವಾಗ ಕಣ್ಣು ನಾಲ್ಕು ಕಡೆ ಇರಲಿ: ಬ್ರೇಕ್ ಹೋಸ್, ಎಬಿಎಸ್ ವೈರ್, ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಬಾಗುವ ಕೀಲು), ಸ್ಪ್ರಿಂಗ್ ತನ್ನ ಸೀಟಿನಲ್ಲಿ ಕೂತಿದೆಯೇ ಎಂಬುದು. ಇವುಗಳಲ್ಲಿ ಯಾವುದು ಮೊದಲು ಬಿಗಿಯಾಯಿತೋ, ಯಾವುದು ಮೊದಲು ಸಡಿಲವಾಯಿತೋ, ಅಲ್ಲಿಗೆ ನಿಲ್ಲಿಸಿ ಅಳೆಯಿರಿ. ಮುಂದಿನ ಹೋಸನ್ನು ಸ್ಟೇರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಬೇಕು. ಹೊಸ ಶಾಕ್‌ನ ಬಿಚ್ಚಿದ ಉದ್ದ ಈ ಅಳತೆಗಿಂತ 10–15 ಮಿ.ಮೀ. ಕಡಿಮೆಯೇ ಇರಬೇಕು. ಅಂದರೆ ಗಾಡಿ ಪೂರ್ತಿ ಜೋತುಬಿದ್ದಾಗ ತೂಕ ಹಿಡಿಯುವುದು ಶಾಕ್, ಬ್ರೇಕ್ ಹೋಸ್ ಅಲ್ಲ.

ಮೂರನೆಯದು ಹೆಚ್ಚಿನವರು ಬಿಟ್ಟುಬಿಡುವ ಅಳತೆ, ಹೊಸ ಶಾಕ್ ಒಡೆಯುವುದೂ ಇದರಿಂದಲೇ. ಸ್ಪ್ರಿಂಗ್ ತೆಗೆದು, ಹೌಸಿಂಗನ್ನು ಜಾಕ್‌ನಿಂದ ಮೇಲೆತ್ತಿ ಬಂಪ್ ಸ್ಟಾಪರ್ ರಬ್ಬರ್ ಅರ್ಧಕ್ಕಿಂತ ಹೆಚ್ಚು ಅದುಮುವವರೆಗೆ ತನ್ನಿ. ಒಂದು ಚಕ್ರ ಮಾತ್ರ ಮೇಲೆ, ಇನ್ನೊಂದು ಕೆಳಗೆ ಇರುವಂತೆಯೂ ಒಮ್ಮೆ ಮಾಡಿ ನೋಡಿ. ಜಿಮ್ನಿಯದು ಮುಂದೂ ಹಿಂದೂ ಒಂದೇ ಗಟ್ಟಿ ಹೌಸಿಂಗ್ ಆದ್ದರಿಂದ ಓರೆಯಾದಾಗ ಒಂದು ಬದಿ ಇನ್ನಷ್ಟು ಒಳಗೆ ಹೋಗುತ್ತದೆ. ಆಗ ಸಿಕ್ಕ ಅಂತರಕ್ಕಿಂತ ಶಾಕ್‌ನ ಮಡಚಿದ ಉದ್ದ ಕನಿಷ್ಠ 10–15 ಮಿ.ಮೀ. ಚಿಕ್ಕದಿರಬೇಕು. ಬಂಪ್ ಸ್ಟಾಪರ್‌ಗಿಂತ ಮೊದಲು ಶಾಕ್ ತಳ ಮುಟ್ಟಿದರೆ ಇಡೀ ಗಾಡಿಯ ಹೊಡೆತ ಪಿಸ್ಟನ್ ಮೇಲೆ ಬೀಳುತ್ತದೆ.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ, ಇವು ನಿಮ್ಮ ಗಾಡಿಯ ಅಂಕಿಗಳಲ್ಲ. ಲಿಫ್ಟ್‌ಗೆ ಮೊದಲು ನಿಂತಾಗಿನ ಅಂತರ 410, ಹಳೆ ಶಾಕ್ ಬಿಚ್ಚಿದಾಗ 518 ಅಂದುಕೊಳ್ಳಿ. ಇಳಿಯಲು 108 ಮಿ.ಮೀ. ಆಟ ಇತ್ತು. ಲಿಫ್ಟ್ ಆದ ಮೇಲೆ ನಿಂತಾಗ 460, ಉಳಿದದ್ದು 58. ಶಾಕ್ ಇಲ್ಲದೆ ಹೌಸಿಂಗ್ ಸುರಕ್ಷಿತವಾಗಿ 580ರವರೆಗೆ ಇಳಿಯುತ್ತದೆ, ಬಂಪ್ ಸ್ಟಾಪರ್ ಅದುಮಿದಾಗ 350 ಆಗುತ್ತದೆ ಅಂದರೆ, ಬೇಕಾದ ಶಾಕ್ ಬಿಚ್ಚಿದಾಗ 565–570, ಮಡಚಿದಾಗ 335–340. ನಿಂತಲ್ಲಿಂದ ಕೆಳಗೆ ನೂರು ಚಿಲ್ಲರೆ, ಮೇಲೆ 110. ತೋಟದ ಕೆಲಸಕ್ಕೆ ಈ ಹಂಚಿಕೆ ಚೆನ್ನ. ಸಿಕ್ಕ ಶಾಕ್ ಮಡಚಿದಾಗ 360 ಇದ್ದರೆ ಅದನ್ನು ಬಿಡಬೇಕಾಗಿಲ್ಲ, ಆದರೆ ಬಂಪ್ ಸ್ಟಾಪರನ್ನು 25 ಮಿ.ಮೀ. ಕೆಳಗಿಳಿಸುವ ಸ್ಪೇಸರ್ ಕಡ್ಡಾಯ.

ಉದ್ದ ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುವುದು ಇದರ ಇನ್ನೊಂದು ತುದಿಯ ತಪ್ಪು. ಅತಿ ಉದ್ದದ ಶಾಕ್‌ನಲ್ಲಿ ಚಕ್ರ ಜೋತಾಗ ಸ್ಪ್ರಿಂಗ್ ಸೀಟಿನಿಂದ ಕಳಚಬಹುದು, ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಕಚ್ಚಿಕೊಳ್ಳಬಹುದು.

ಎಷ್ಟು ಗಟ್ಟಿ ಬೇಕು?

ಸ್ಪ್ರಿಂಗ್ ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಿ: ಕಂಪನಿ ಸ್ಪ್ರಿಂಗ್‌ಗಿಂತ ಇದು ಎಷ್ಟು ಶೇಕಡಾ ಗಟ್ಟಿ? ಶಾಕ್‌ನ ಹಿಡಿತ (ಕುಪ್ಪಳಿಕೆ ತಡೆಯುವ ಬಲ) ಸ್ಪ್ರಿಂಗ್‌ನ ಗಟ್ಟಿತನಕ್ಕೆ ನೇರವಾಗಿ ಅಲ್ಲ, ಅದರ ವರ್ಗಮೂಲಕ್ಕೆ ತಕ್ಕಂತೆ ಏರಬೇಕು. ಸ್ಪ್ರಿಂಗ್ ಶೇ. 20ರಷ್ಟು ಗಟ್ಟಿಯಾದರೆ ಶಾಕ್ ಸುಮಾರು ಶೇ. 10 ಗಟ್ಟಿಯಾದರೆ ಸಾಕು. ಬರಿ ಸ್ಪೇಸರ್ ಇಟ್ಟು ಎತ್ತರಿಸಿದ್ದರೆ ಸ್ಪ್ರಿಂಗ್ ಬದಲಾಗಿಯೇ ಇಲ್ಲ, ಹಳೆಯ ಹಿಡಿತವೇ ಬೇಕು, ಉದ್ದ ಮಾತ್ರ ಬೇರೆ. ‘ಇದ್ದುದರಲ್ಲೇ ಗಟ್ಟಿ’ ಎಂಬ ಸಲಹೆ ತಪ್ಪಾಗುವುದು ಇಲ್ಲಿಯೇ.

ಹೆಚ್ಚು ಗಟ್ಟಿಯಾದರೆ ನಷ್ಟ ಏನು? ಶಾಕ್ ಎರಡು ದಿಕ್ಕಿನಲ್ಲಿ ಕೆಲಸ ಮಾಡುತ್ತದೆ, ಮಡಚುವಾಗ ಮತ್ತು ಬಿಚ್ಚುವಾಗ. ಬಿಚ್ಚುವ ಕಡೆಯ ಹಿಡಿತವೇ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಸ್ಪ್ರಿಂಗ್ ಒಳಗೆ ಅಡಗಿದ ಶಕ್ತಿಯನ್ನು ಹಿಡಿಯಬೇಕಾದ್ದು ಅಲ್ಲಿ. ಅದು ಅತಿಯಾದರೆ ಚಕ್ರ ಗುಂಡಿಗೆ ಹೊತ್ತಿಗೆ ಸರಿಯಾಗಿ ಇಳಿಯುವುದಿಲ್ಲ, ನೆಲ ಬಿಡುತ್ತದೆ. ಸಾಲು ಗುಂಡಿಗಳಿರುವ ಮಣ್ಣುರಸ್ತೆಯಲ್ಲಿ ಒಂದು ಗುಂಡಿಯಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಂದು, ಗಾಡಿ ಹೆಜ್ಜೆಹೆಜ್ಜೆಗೂ ಕುಗ್ಗುತ್ತ ಬಂಪ್ ಸ್ಟಾಪರ್ ಮೇಲೇ ಓಡುತ್ತದೆ. ಮಡಚುವ ಕಡೆ ಅತಿಯಾದರೆ ಪ್ರತಿ ಕಲ್ಲೂ ನೇರ ಸೊಂಟಕ್ಕೆ. ಮಳೆಗಾಲದ ಜಾರುವ ಏರಿನಲ್ಲಿ ಬೇಕಾದದ್ದು ನಾಲ್ಕೂ ಚಕ್ರ ನೆಲಕ್ಕೆ ಅಂಟಿಕೊಂಡಿರುವುದು. ಅತಿ ಗಟ್ಟಿ ಶಾಕ್ ಅದನ್ನೇ ಕಿತ್ತುಕೊಳ್ಳುತ್ತದೆ.

ಭಾರದ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಐದು ಬಾಗಿಲಿನ ಜಿಮ್ನಿ ಖಾಲಿ ಇದ್ದಾಗ ಸುಮಾರು 1200 ಕೆ.ಜಿ., ಒಟ್ಟು ಅನುಮತಿಸಿದ ತೂಕ 1545 ಕೆ.ಜಿ. ಐವತ್ತು ಕೆ.ಜಿ.ಯ ನಾಲ್ಕು ಮೂಟೆ, ಇಬ್ಬರು ಮನುಷ್ಯರು ಸೇರಿದರೆ 340ರ ಹತ್ತಿರ. ಅಲ್ಲಿಗೆ ಮಿತಿ ಮುಗಿಯಿತು. ಮುಂದೆ ಕಬ್ಬಿಣದ ಬಂಪರ್, ವಿಂಚ್, ಮೇಲೆ ಕ್ಯಾರಿಯರ್ ಇದ್ದರೆ ಆ ತೂಕವನ್ನೂ ಇದರಲ್ಲೇ ಕಳೆಯಬೇಕು. ಮೂಟೆ ಹಾಕಿದಾಗ ಹಿಂಭಾಗ ಕೂತರೆ ಅದಕ್ಕೆ ಗಟ್ಟಿ ಶಾಕ್ ಉತ್ತರವಲ್ಲ. ಸ್ಪ್ರಿಂಗ್ ನೋಡಬೇಕು, ಇಲ್ಲವೇ ಮೂಟೆ ಇಳಿಸಬೇಕು.

ಅಂಗಡಿಯಲ್ಲಿ ಇನ್ನೊಂದು ಕಡೆ ಎಚ್ಚರ ಬೇಕು. ಹೊರದೇಶಗಳ ಕಿಟ್‌ಗಳಲ್ಲಿ ಬಹಳಷ್ಟು ಮೂರು ಬಾಗಿಲಿನ ಜೆಬಿ74 ಮಾದರಿಗೆ ಮಾಡಿದವು. ಅದರ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2250 ಮಿ.ಮೀ., ನಿಮ್ಮದು 2590, ತೂಕವೂ ಹೆಚ್ಚು. ಬೋಲ್ಟ್ ಕೂತಿತು ಎಂದ ಮಾತ್ರಕ್ಕೆ ಎಣ್ಣೆಯ ಹರಿವನ್ನು ತಡೆಯುವ ಒಳಗಿನ ವಾಲ್ವ್ ನಿಮ್ಮ ಗಾಡಿಗೆ ಹೊಂದಿತು ಅಂತಲ್ಲ. ಐದು ಬಾಗಿಲಿನ ಜೆಸಿ74ಕ್ಕೆ ಎಂದು ನಮೂದಿಸಿದ ಪಾರ್ಟ್ ನಂಬರನ್ನೇ ಕೇಳಿ.

ಮೂರು ಬಗೆ, ಮತ್ತು ಅಗ್ಗದ ಇನ್ನೆರಡು ದಾರಿ

ಟ್ವಿನ್ ಟ್ಯೂಬ್‌ನಲ್ಲಿ ಕೊಳವೆಯೊಳಗೆ ಕೊಳವೆ. ಪಿಸ್ಟನ್ ಓಡುವುದು ಒಳಗಿನದ್ದರಲ್ಲಿ, ಹೊರಗಿನದ್ದು ಎಣ್ಣೆಯ ಕಣಜ. ಹೊರಕವಚಕ್ಕೆ ಕಲ್ಲು ಬಡಿದು ಸಣ್ಣ ತಗ್ಗು ಬಿದ್ದರೂ ಪಿಸ್ಟನ್ ಸಿಕ್ಕಿಕೊಳ್ಳುವುದಿಲ್ಲ. ಇದರ ದೌರ್ಬಲ್ಯ ಬಿಸಿ. ಒಂದೇ ಸಮನೆ ಜೋರಾಗಿ ಕೆಲಸವಾದಾಗ ಎಣ್ಣೆಯಲ್ಲಿ ಗಾಳಿ ಬೆರೆತು ನೊರೆಯಾಗಿ ಹಿಡಿತ ಸಡಿಲುತ್ತದೆ. ಕಡಿಮೆ ಒತ್ತಡದ ನೈಟ್ರೋಜನ್ ತುಂಬುವುದು ಅದಕ್ಕೆ ಒಂದು ಪರಿಹಾರ. ಗಾಳಿಯ ಜಾಗದಲ್ಲಿ ಮುಚ್ಚಿದ ಕಣಗಳ ಫೋಮ್ ಸುತ್ತುವುದು ಇನ್ನೊಂದು, ಐರನ್‌ಮ್ಯಾನ್ ಬ್ರ್ಯಾಂಡಿನಂಥವರ ಫೋಮ್ ಸೆಲ್ ಅಂದರೆ ಇದೇ. ಬೆರೆಯಲು ಬಿಡಿ ಅನಿಲವೇ ಇಲ್ಲದ್ದರಿಂದ ನೊರೆ ಬಹಳ ಕಡಿಮೆ.

ಮೊನೊಟ್ಯೂಬ್‌ನಲ್ಲಿ ಒಂದೇ ಕೊಳವೆ, ತೇಲುವ ಪಿಸ್ಟನ್‌ನ ಒಂದು ಬದಿ ಎಣ್ಣೆ, ಇನ್ನೊಂದು ಬದಿ ಹೆಚ್ಚು ಒತ್ತಡದ ನೈಟ್ರೋಜನ್. ಬಿಲ್‌ಸ್ಟೈನ್‌ನ 5100 ಶ್ರೇಣಿಯ 46 ಮಿ.ಮೀ. ಪಿಸ್ಟನ್ ಈ ಜಾತಿಯದು. ಬಿಸಿ ಬೇಗ ಹೊರಹೋಗುತ್ತದೆ, ಹೆದ್ದಾರಿಯಲ್ಲಿ ಹಿಡಿತ ಚುರುಕು. ಆದರೆ ಪಿಸ್ಟನ್ ಹೊರಕವಚಕ್ಕೇ ಉಜ್ಜಿ ಓಡುವುದರಿಂದ ಒಂದು ಚೂಪು ಕಲ್ಲು ತಗ್ಗು ಮಾಡಿದರೆ ಶಾಕ್ ಅಲ್ಲಿಗೇ ಮುಗಿಯಿತು. ಗ್ಯಾಸ್ ಕೋಣೆಗೂ ಉದ್ದ ಬೇಕಾದ್ದರಿಂದ, ಮಡಚಿದ ಉದ್ದ ಅಷ್ಟೇ ಇರುವ ಟ್ವಿನ್ ಟ್ಯೂಬ್‌ಗಿಂತ ಇದರಲ್ಲಿ ಆಟ ಕಡಿಮೆ ಸಿಗುತ್ತದೆ. ಜಿಮ್ನಿಯಂಥ ಸಣ್ಣ ಗಾಡಿಯಲ್ಲಿ ಇದು ಗಮನಿಸಬೇಕಾದ ವಿಷಯ.

ಆ ಗ್ಯಾಸ್ ಕೋಣೆಯನ್ನು ಹೊರಗಿನ ಡಬ್ಬಿಗೆ ಸಾಗಿಸಿದ್ದೇ ರಿಮೋಟ್ ರಿಸರ್ವಾಯರ್. ಆಟ ಹೆಚ್ಚುತ್ತದೆ, ಎಣ್ಣೆ ಹೆಚ್ಚುತ್ತದೆ, ತಣ್ಣಗಾಗುವ ಮೈಯೂ ಹೆಚ್ಚು. ರಾಜಸ್ಥಾನದ ಮರಳಿನಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡುವ ರ್‍ಯಾಲಿ ಗಾಡಿಗೆ ಅದು ಬೇಕು. ತೋಟದಲ್ಲಿ ಗಂಟೆಗೆ 10–15 ಕಿ.ಮೀ. ವೇಗದಲ್ಲಿ ಶಾಕ್ ಬಿಸಿಯಾಗುವುದೇ ಇಲ್ಲ. ಹೋಸ್, ಫಿಟ್ಟಿಂಗ್, ಡಬ್ಬಿಯ ಕ್ಲ್ಯಾಂಪ್ ಎಲ್ಲ ಕೆಸರಿನಲ್ಲಿ ನೋಡಿಕೊಳ್ಳಬೇಕಾದ ಹೆಚ್ಚುವರಿ ಭಾಗಗಳು, ಕಾಲಕಾಲಕ್ಕೆ ಬಿಚ್ಚಿ ಸೀಲ್ ಬದಲಿಸುವ ಕೆಲಸ ಬೇರೆ. ನಿಮಗೆ ಇದು ಬೇಡ.

ದುಡ್ಡು ಉಳಿಸುವ ಒಂದು ದಾರಿ, ಹಳೆ ಶಾಕ್ ಇಟ್ಟುಕೊಂಡು ಅದರ ತುದಿಗೆ ಎಕ್ಸ್‌ಟೆನ್ಶನ್ ಹಾಕುವುದು. ಚಕ್ರ ಇಳಿಯುವ ಆಟ ಮರಳಿ ಬರುತ್ತದೆ. ಆದರೆ ಎಕ್ಸ್‌ಟೆನ್ಶನ್ ಎಷ್ಟು ಉದ್ದವೋ ಮಡಚಿದ ಉದ್ದವೂ ಅಷ್ಟೇ ಬೆಳೆಯುತ್ತದೆ, ಬಂಪ್ ಸ್ಟಾಪರನ್ನೂ ಅಷ್ಟೇ ಇಳಿಸದಿದ್ದರೆ ಶಾಕ್ ಒಡೆಯುವುದು ಖಂಡಿತ. ಇನ್ನೊಂದು ದಾರಿ ಲಿಫ್ಟನ್ನೇ 25–30 ಮಿ.ಮೀ.ಗೆ ಇಳಿಸುವುದು. ಇದನ್ನು ಸೋಲೆಂದು ತಿಳಿಯಬೇಡಿ. 50 ಮಿ.ಮೀ. ಲಿಫ್ಟ್‌ನಿಂದ ಹೌಸಿಂಗ್‌ನ ಉಂಡೆ (ನಡುವಿನ ಡಿಫರೆನ್ಷಿಯಲ್ ಉಬ್ಬು) ನೆಲದಿಂದ ಒಂದು ಮಿ.ಮೀ. ಕೂಡ ಮೇಲೇಳುವುದಿಲ್ಲ, ಅದನ್ನು ಎತ್ತುವುದು ಟೈರ್ ಮಾತ್ರ. ಲೆಕ್ಕದ ಪ್ರಕಾರ ಕಂಪನಿಯ 195/80 ಆರ್15 ಟೈರ್‌ನ ವ್ಯಾಸ 693 ಮಿ.ಮೀ., ನಿಮ್ಮದರದ್ದು 703.5. ಅಂದರೆ ಹೌಸಿಂಗ್ ಕೆಳಗೆ ಹೆಚ್ಚಿದ್ದು ಸುಮಾರು 5 ಮಿ.ಮೀ. ನಿಮ್ಮ ಕಲ್ಲು ತಾಗುತ್ತಿದ್ದದ್ದು ಉಂಡೆಗೋ ಬಾಡಿಯ ಅಡಿಗೋ ಎಂದು ಬಗ್ಗಿ ಗುರುತು ನೋಡಿ. ಉಂಡೆಗೆ ತಾಗಿದ್ದರೆ ಲಿಫ್ಟ್‌ನಿಂದ ಲಾಭ ಅಷ್ಟಕ್ಕಷ್ಟೇ.

ನಿಮ್ಮ ಬಳಕೆಗೆ ಸರಿಯೆನಿಸುವುದು ಅಳತೆಗೆ ಹೊಂದುವ ಟ್ವಿನ್ ಟ್ಯೂಬ್, ಫೋಮ್ ಸೆಲ್ ಅಥವಾ ಕಡಿಮೆ ಒತ್ತಡದ ಗ್ಯಾಸ್, ವಾಲ್ವಿಂಗ್ ಮಧ್ಯಮ. ಖಾಲಿ ಓಡಾಟಕ್ಕೂ ಕೊಯ್ಲಿನ ಭಾರಕ್ಕೂ ಅಂತರ ಹೆಚ್ಚಿರುವುದರಿಂದ, ಹೊರಗಿನಿಂದ ತಿರುಗಿಸಿ ಹಿಡಿತ ಹೊಂದಿಸುವ ಟ್ವಿನ್ ಟ್ಯೂಬ್ ಸಿಕ್ಕರೆ ಹಿಂದಿನ ಜೋಡಿಗೆ ಯೋಚಿಸಬಹುದು. ತಿರುಪು ಕೆಸರಿನಲ್ಲಿ ಕಚ್ಚಿಕೊಳ್ಳುತ್ತದೆ, ತಿಂಗಳಿಗೊಮ್ಮೆ ತೊಳೆದು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಿರಬೇಕು. ಬೆಂಗಳೂರು ಓಡಾಟ ವಾರಕ್ಕೆ ಎರಡು ಸಲ ಇದ್ದಿದ್ದರೆ, ಕಲ್ಲಿನಿಂದ ಕಾಯುವ ಗಾರ್ಡ್ ಸಮೇತ ಮೊನೊಟ್ಯೂಬ್ ಎನ್ನಬಹುದಿತ್ತು.

ಸ್ಟೇರಿಂಗ್ ಅದುರುವುದು

ಲಿಫ್ಟ್ ಆದಾಗ ಮುಂದಿನ ಹೌಸಿಂಗ್ ತನ್ನನ್ನು ಚಾಸಿಗೆ ಜೋಡಿಸುವ ಆರ್ಮ್‌ಗಳ ಜತೆ ತುಸು ತಿರುಗುತ್ತದೆ, ಕ್ಯಾಸ್ಟರ್ ಕೋನ (ಚಕ್ರ ಎಡಬಲಕ್ಕೆ ತಿರುಗುವ ಅಕ್ಷದ ಹಿಂಬಾಗು) ಕಡಿಮೆಯಾಗುತ್ತದೆ. ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕುಂದುತ್ತದೆ, ಟೈರ್‌ನ ಸಣ್ಣ ಅಸಮತೋಲವೂ ದೊಡ್ಡ ಅದುರಾಗುತ್ತದೆ. ಪ್ಯಾನ್‌ಹಾರ್ಡ್ ರಾಡ್ (ಹೌಸಿಂಗ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ಸರಳು) ಓರೆಯಾಗಿ ಹೌಸಿಂಗ್ ಕೆಲವು ಮಿ.ಮೀ. ಪಕ್ಕಕ್ಕೂ ಸರಿಯುತ್ತದೆ. ಹಾಗಾಗಿ ಮೊದಲು ನಾಲ್ಕೂ ಚಕ್ರದ ಬ್ಯಾಲೆನ್ಸಿಂಗ್, ಗಾಳಿ ಒತ್ತಡ. ಆಮೇಲೆ ಪ್ಯಾನ್‌ಹಾರ್ಡ್ ರಾಡ್‌ನ ಬುಷ್ ಮತ್ತು ಬೋಲ್ಟ್, ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ತುದಿಗಳಲ್ಲಿ ಸಡಿಲ. ಕೊನೆಗೆ ಅಲೈನ್‌ಮೆಂಟ್ ಯಂತ್ರದಲ್ಲಿ ಕ್ಯಾಸ್ಟರ್ ಅಳೆಸಿ. ಕಡಿಮೆ ಬಂದರೆ ಆರ್ಮ್‌ಗೆ ಕ್ಯಾಸ್ಟರ್ ಕರೆಕ್ಷನ್ ಬುಷ್ ಹಾಕಿಸಿ. ಗಟ್ಟಿ ಸ್ಟೇರಿಂಗ್ ಡ್ಯಾಂಪರ್ ಹಾಕಿದರೆ ಅದುರು ಕೆಲವು ದಿನ ಅಡಗುತ್ತದೆ, ಸಡಿಲವಾದ ಭಾಗ ಒಳಗೇ ಸವೆಯುತ್ತ ಹೋಗುತ್ತದೆ. ಅಲ್ಲಿಯವರೆಗೆ ಹೆದ್ದಾರಿಯಲ್ಲಿ 80ರೊಳಗೇ ಇರಿ. ಅದುರು ಶುರುವಾದರೆ ಬ್ರೇಕ್ ಗಟ್ಟಿ ಒತ್ತದೆ, ಆಕ್ಸಿಲರೇಟರ್ ಬಿಟ್ಟು ನಿಧಾನಿಸಿ.

ಕಾನೂನಿನ ಮಾತನ್ನೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗಿ ವಾಹನ ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಲಿಫ್ಟ್ ಮಾಡಿದ ಗಾಡಿ ಸಾರ್ವಜನಿಕ ರಸ್ತೆಗೆ ಬಂದಾಗ ದಂಡ, ವಾರಂಟಿ ನಿರಾಕರಣೆ, ಅಪಘಾತವಾದರೆ ವಿಮೆಯ ತಕರಾರು ಮೂರೂ ಬರಬಹುದು. ಲಿಫ್ಟ್ ತಗ್ಗಿಸುವ ದಾರಿಯನ್ನು ತೂಗುವಾಗ ಇದೂ ಲೆಕ್ಕದಲ್ಲಿರಲಿ.

ಕಟ್ಟುವಾಗ

ಶಾಕ್ ಯಾವಾಗಲೂ ಜೋಡಿಯಾಗಿ ಬದಲಿಸಬೇಕು, ಎಡಬಲ ಎರಡೂ. ಅಂಗಡಿಯಲ್ಲಿ ಅಡ್ಡ ಮಲಗಿಸಿಟ್ಟ ಟ್ವಿನ್ ಟ್ಯೂಬನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ ಗಾಳಿ ಬಿಡಿಸಿಯೇ ಕಟ್ಟಬೇಕು, ಇಲ್ಲದಿದ್ದರೆ ಹೊಸ ಶಾಕ್ ಕೂಡ ಮೊದಲ ದಿನ ಸಡಿಲವೆನಿಸುತ್ತದೆ. ಹೊಳೆಯುವ ರಾಡನ್ನು ಪ್ಲೈಯರ್‌ನಿಂದ ಹಿಡಿಯಲು ಬಿಡಬೇಡಿ, ಒಂದು ಗೀರು ಸಾಕು ಸೀಲ್ ಕೊಯ್ಯಲು. ಪಿನ್ ತುದಿಯ ರಬ್ಬರನ್ನು ವಾಷರ್‌ನ ಅಗಲಕ್ಕೆ ಉಬ್ಬುವಷ್ಟು ಮಾತ್ರ ಬಿಗಿಯಬೇಕು, ಹೊರಗೆ ಚೆಲ್ಲುವಷ್ಟಲ್ಲ. ಕಣ್ಣಿನ ತುದಿಯ ಬೋಲ್ಟನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಪೂರ್ತಿ ಬಿಗಿಯಬೇಕು. ಚಕ್ರ ಜೋತಿರುವಾಗ ಬಿಗಿದರೆ, ಇಳಿಸಿದ ಕೂಡಲೆ ಬುಷ್ ತಿರುಚಿಕೊಂಡು ನಿಲ್ಲುತ್ತದೆ, ಒಂದು ಮಳೆಗಾಲದೊಳಗೆ ಹರಿಯುತ್ತದೆ. ಮುಂದಿನ ಸ್ಟೆಬಿಲೈಜರ್ ಲಿಂಕ್ ಓರೆಯಾಗಿ ಎಳೆದುಕೊಂಡಿದ್ದರೆ ಉದ್ದದ ಲಿಂಕ್ ಬೇಕು. ಹೆಡ್‌ಲೈಟ್ ಎತ್ತರ ಮರುಹೊಂದಿಸಿ, ಲಿಫ್ಟ್ ಆದ ಗಾಡಿಯ ಬೆಳಕು ಘಾಟಿಯಲ್ಲಿ ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

500 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟ್ ಮತ್ತೊಮ್ಮೆ ಬಿಗಿಯಿಸಿ, ಬ್ರೇಕ್ ಹೋಸ್ ಎಲ್ಲಾದರೂ ಉಜ್ಜಿದ ಗುರುತಿದೆಯೇ ನೋಡಿ. ಶಾಕ್ ಮೈಮೇಲೆ ಎಣ್ಣೆಯ ತೆಳು ಮಬ್ಬು ಕಂಡರೆ ಗಾಬರಿ ಬೇಡ, ಒರೆಸಿ ಒಂದು ವಾರ ಓಡಿಸಿ. ಮತ್ತೆ ತೊಟ್ಟಿಕ್ಕುವಷ್ಟು ಒದ್ದೆಯಾಗಿದ್ದರೆ ಸೀಲ್ ಹೋಗಿದೆ, ವಾರಂಟಿಗೆ ಹಿಂದಿರುಗಿಸಿ. ಅದರ ಜತೆಗೆ ಬಂಪ್ ಸ್ಟಾಪರಿನ ಮಣ್ಣಿನ ಪರೀಕ್ಷೆಯನ್ನು ಹಿಂದೆ ನಾಲ್ಕು ಮೂಟೆ ಹಾಕಿ ಇನ್ನೊಮ್ಮೆ ಮಾಡಿ. ಬಾಡಿ ಕೆಳಗೆ ಕುಸಿಯುವ ಕ್ಷಣದಲ್ಲಿ ಮಣ್ಣು ಮುಟ್ಟದೆಯೇ ಸದ್ದು ಬಂದರೆ ಶಾಕ್ ಮಡಚಿ ತಳ ಮುಟ್ಟುತ್ತಿದೆ ಎಂದು ಅರ್ಥ, ಬಂಪ್ ಸ್ಟಾಪರ್‌ಗೆ ಸ್ಪೇಸರ್ ಹಾಕಿಸುವವರೆಗೆ ಮೂಟೆ ಹೇರಬೇಡಿ.